ಮೇಡಂ ಟ್ಯಾಬಿಗೆ ನನ್ನ ಅಕೌಂಟು

ಜೂನ್ 4, ಬುಧವಾರ

ಇವತ್ತಿನಿಂದ ಬರೆಯುತ್ತೇನೆ. ಬರೆಯದೆ ಹೋದರೆ ಸ್ಟಾಫ್ ರೂಮಿನಲ್ಲಿ ಯಾರ ಮೈಮೇಲಾದರೂ ಕಾಫಿ ಸುರಿದುಬಿಡುತ್ತೇನೆ. ನೋಟ್‌ಬುಕ್ಕಿನಲ್ಲಿ ಬರೆಯುವ ಹಾಗಿಲ್ಲ. ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಬಚ್ಚಿಡಲು ಜಾಗವಿಲ್ಲ, ಮಗಳು ಭೂಮಿಕಾಗೆ ಖಾಲಿ ಹಾಳೆ ಕಂಡರೆ ಆನೆ ಬರೆಯದೆ ಸಮಾಧಾನವಿಲ್ಲ. ಆದ್ದರಿಂದ ಫೋನಿನ ನೋಟ್ಸ್‌ನಲ್ಲಿ ಬರೆಯುವುದು. ಕಡತಕ್ಕೆ ‘ಸಾರಿನ ಪುಡಿ ಅಳತೆ’ ಎಂದು ಹೆಸರಿಟ್ಟಿದ್ದೇನೆ. ಆ ಹೆಸರಿನದನ್ನು ನನ್ನ ಗಂಡ ಹೊನ್ನೇಶ್ ಈ ಜನ್ಮದಲ್ಲಿ ತೆರೆಯುವುದಿಲ್ಲ.

ಇವತ್ತು ಆದದ್ದು ಇಷ್ಟು. ಶಾಲೆಯ ಆಡಳಿತ ಮಂಡಳಿ ಕಾರ್ಯದರ್ಶಿ ದ್ವಾರಕಾನಾಥರು ಲ್ಯಾಬಿಗೆ ಬಂದು ಒಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು. ಕಡೂರಿನ ಅಂಗಡಿಯಿಂದ ತಂದ ಟ್ಯಾಬ್. ಮಂಡಳಿಯ ಅಧ್ಯಕ್ಷೆ ಸೀತಾದೇವಿ ಮೇಡಂಗೆ ಎಂಬತ್ತು ತುಂಬಿತಂತೆ, ಕಣ್ಣು ಹೋಗುತ್ತಿದೆಯಂತೆ, ಪೇಪರ್ ಓದಲು ಆಗುತ್ತಿಲ್ಲವಂತೆ. ಮಂಡಳಿಯವರ ಪ್ರೀತಿಯ ಕಾಣಿಕೆ.

“ಹೇಮಶ್ರೀ, ನೀವು ಕಂಪ್ಯೂಟರ್ ಮೇಡಮ್ಮಲ್ವಾ, ಎಲ್ಲ ರೆಡಿ ಮಾಡಿ, ಅವರ ಮನೆಗೇ ಹೋಗಿ ಕಲಿಸ್ಬಿಡಿ” ಅಂದರು. ಬಾಗಿಲ ಹತ್ತಿರ ಹೋದವರು ತಿರುಗಿ, “ಜುಲೈ ಐದಕ್ಕೆ ಮೀಟಿಂಗ್ ಇದೆ. ನಿಮಗೆ ಗೊತ್ತಲ್ಲ” ಅಂದರು.

ಗೊತ್ತು. ತರೀಕೆರೆಯ ಈ ಶಾಲೆಯಲ್ಲಿ ನಾನು ಒಂಬತ್ತು ವರ್ಷದಿಂದ ತಾತ್ಕಾಲಿಕ. ಪ್ರತಿ ಏಪ್ರಿಲ್‌ಗೆ ನನ್ನ ಕೆಲಸ ಸಾಯುತ್ತದೆ, ಪ್ರತಿ ಜೂನ್‌ಗೆ ಮತ್ತೆ ಹುಟ್ಟುತ್ತದೆ. ಈ ಸಲ ಕಂಪ್ಯೂಟರಿಗೆ ಒಂದು ಖಾಯಂ ಹುದ್ದೆ ಬಂದಿದೆ. ಅರ್ಜಿ ಎರಡು, ನನ್ನದು ಮತ್ತು ಶರಣ್ಯಾಳದು. ಶರಣ್ಯಾ ಅಜ್ಜಂಪುರದವಳು. ಹೋದ ವರ್ಷ ಸೇರಿದಳು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಈಗಲೂ ನನ್ನನ್ನೇ ಕೂಗುತ್ತಾಳೆ. ಆದರೆ ಸೀತಾದೇವಿಯ ತಂಗಿಯ ಮೊಮ್ಮಗಳು. ಅಧ್ಯಕ್ಷೆ ಯಾರ ಕಡೆ ತಲೆಯಾಡಿಸುತ್ತಾಳೋ ಅವರಿಗೆ ಹುದ್ದೆ.

ಹಾಗಾಗಿ ಟ್ಯಾಬ್ ಹೊತ್ತುಕೊಂಡು ಹೋಗುತ್ತೇನೆ, ಹಲ್ಲು ಕಚ್ಚಿಕೊಂಡು. ನಾನು ಇದೇ ಶಾಲೆಯಲ್ಲಿ ಓದುವಾಗ ಆಯಮ್ಮನೇ ಹೆಡ್ ಮಿಸ್ಟ್ರೆಸ್ಸು. ಅವಳ ಮುಖ ಕಂಡರೆ ಇವತ್ತಿಗೂ ಗೋಡೆ ಬದಿಗೆ ಸರಿಯುತ್ತೇನೆ.

ಜೂನ್ 7, ಶನಿವಾರ

ಅರ್ಧ ದಿನದ ಶಾಲೆ ಮುಗಿಸಿ ಸೀತಾದೇವಿ ಮನೆಗೆ ಹೋದೆ. ಮನೆಗೆಲಸದ ಭಾಗಮ್ಮ ಬಾಗಿಲು ತೆಗೆದಳು. ಆಯಮ್ಮ ಜಗುಲಿಯ ಬೆತ್ತದ ಕುರ್ಚಿಯಲ್ಲಿ, ಇನ್ಸ್‌ಪೆಕ್ಟರು ಬರುವುದನ್ನು ಕಾಯುವವಳ ಹಾಗೆ ನೆಟ್ಟಗೆ ಕೂತಿದ್ದಳು.

“ಮೇಡಂ, ನಿಮ್ಮ ಅಕೌಂಟ್ ಇದೆಯಾ?”

“ಎರಡು ಬ್ಯಾಂಕಲ್ಲಿದೆ. ನಿನಗ್ಯಾಕೆ?”

“ಬ್ಯಾಂಕಿಂದಲ್ಲ. ಈ ಟ್ಯಾಬಿಗೆ ಒಂದು ಅಕೌಂಟ್ ಬೇಕು. ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಕೊಡ್ಬೇಕು.”

“ನನ್ನ ಹುಟ್ಟಿದ ದಿನ ಕೇಳೋಕೆ ಅದ್ಯಾರು? ಕೊಡಲ್ಲ.”

ಫೋನ್ ನಂಬರಂತೂ ಕ್ರೋಶಾ ಹಾಕಿದ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿರುವ ಲ್ಯಾಂಡ್‌ಲೈನಿನದು. ಅದಕ್ಕೆ ಮೆಸೇಜ್ ಬರುವುದಿಲ್ಲ ಎಂದೆ. “ಹಾಗಾದ್ರೆ ಫೋನ್ ಮಾಡಿ ಹೇಳಕ್ಕೆ ಹೇಳು. ಬೆಳಗ್ಗೆ ಒಂಬತ್ತರ ಮೇಲೆ” ಅಂದಳು. ಇವಳ ಕೈಯಲ್ಲಿ ಎರಡು ತಲೆಮಾರಿನ ಮಕ್ಕಳು ಕಲಿತರಂತೆ. ಪಾಪ, ಆ ಮಕ್ಕಳು.

ಅಕೌಂಟ್ ಕೇಳುವ ಪರದೆಯನ್ನೆಲ್ಲ ದಾಟಿಸಿ, ಅದಿಲ್ಲದೆಯೇ ಟ್ಯಾಬ್ ತೆರೆದೆ. ಪರದೆಯ ಮೇಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ ದನಿ ಅದರಲ್ಲೇ ಇತ್ತು. ಪೇಪರಿನ ಆ್ಯಪ್ ಮಾತ್ರ ಅಕೌಂಟಿಲ್ಲದೆ ಇಳಿಯಲಿಲ್ಲ. ಎರಡು ನಿಮಿಷದ ಕೆಲಸಕ್ಕೆ ನನ್ನದನ್ನೇ ಹಾಕಿದೆ. ಬೇರೆಯವರ ಮೆಷಿನ್ನಿನಲ್ಲಿ ನಿಮ್ಮ ಅಕೌಂಟ್ ಹಾಕಬೇಡಿ ಎಂದು ಎಂಟನೇ ಕ್ಲಾಸಿನವರಿಂದ ವರ್ಷಾ ವರ್ಷಾ ನೂರು ಸಲ ಹೇಳಿಸುವವಳು ನಾನೇ. ರೈಲಿಗೆ ಹೊತ್ತಾಗಿತ್ತು. ಮುಂದಿನ ಸಲ ತೆಗೆದರಾಯಿತು.

ಜೂನ್ 11, ಬುಧವಾರ

ಇವತ್ತು ಮಜ್ಜಿಗೆ ಕೊಡಿಸಿದಳು. ಭಾಗಮ್ಮ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ, ಜಗುಲಿ ಕಟ್ಟೆಯ ಮೇಲಿಟ್ಟಳು. ಎಲ್ಲರಿಗೂ ಹಾಗೇ ಇಡುತ್ತಾಳೋ, ನನಗೊಬ್ಬಳಿಗೋ ಎಂದು ಲೆಕ್ಕ ಹಾಕುತ್ತ ಕುಡಿದೆ. ಹುಳಿ ಅಂದರೆ ಹುಳಿ, ಹಲ್ಲು ಜುಮ್ಮೆಂದಿತು. ಸ್ವಂತ ಮಜ್ಜಿಗೆ ಹುಳಿಯೋ ಸಿಹಿಯೋ ಗೊತ್ತಿಲ್ಲದವಳು ನನ್ನ ಒಂಬತ್ತು ವರ್ಷದ ಕೆಲಸ ತೂಗಬೇಕಂತೆ.

ಬರೆದುಬಿಡುತ್ತೇನೆ. ಯಾರಿಗೂ ಹೇಳಿಲ್ಲ. ಅಮ್ಮನಿಗಿಲ್ಲ, ಹೊನ್ನೇಶನಿಗೂ ಇಲ್ಲ.

2001. ಏಳನೇ ಕ್ಲಾಸು. ಅಮೃತಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆ ವಾರವಷ್ಟೇ ತಾಲ್ಲೂಕಿನ ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ಚಾಕ್‌ಪೀಸ್ ತರಲು ಸ್ಟಾಫ್ ರೂಮಿಗೆ ಕಳಿಸಿದರು. ಒಳಗೆ ಯಾರೂ ಇರಲಿಲ್ಲ. ಕಿಟಕಿಯಲ್ಲಿ ಹೂಜಿ ಇತ್ತು. ಬಾಯಾರಿತ್ತು, ಬಗ್ಗಿಸಿಕೊಂಡು ಕುಡಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಇವಳು. ಬೈಯಲಿಲ್ಲ, ಹೊಡೆಯಲಿಲ್ಲ. ಆಯಾ ಮಾರಮ್ಮನನ್ನು ಕರೆದು, “ಹೂಜಿ ಹೊರಗೆ ತಗೊಂಡು ಹೋಗಿ ತೊಳ್ಕೊಂಡು ಬಾ. ಎರಡು ಸಲ” ಅಂದಳು. ನನ್ನ ಎದುರಿಗೇ. ಆಮೇಲೆ ಚಾಕ್‌ಪೀಸಿನ ಡಬ್ಬಿ ತೆಗೆದು ಮೇಜಿನ ತುದಿಗೆ ತಳ್ಳಿ, “ಹೋಗು, ಕ್ಲಾಸಿಗೆ ಲೇಟಾಗುತ್ತೆ” ಅಂದಳು.

ಎಂಥ ಸಲೀಸು! ಯೋಚನೆ ಕೂಡ ಮಾಡದೆ, ಊಟದ ಎಲೆ ಮೇಲಿಂದ ನೊಣ ಓಡಿಸುವ ಹಾಗೆ. ತೊಳೆಯುವ ಸದ್ದು ಕಾರಿಡಾರಿನ ಕೊನೆಯವರೆಗೂ ಕೇಳುತ್ತಿತ್ತು. ಜಿಲ್ಲೆಯ ಸ್ಪರ್ಧೆಗೆ ಕರೆ ಬರುತ್ತದೆ ಎಂದಿದ್ದರು, ಅದೂ ಬರಲಿಲ್ಲ. ನನ್ನ ಮಾತು ಅಷ್ಟಕ್ಕಷ್ಟೇ ಎಂದುಕೊಂಡೆ. ಆಮೇಲೆ ವೇದಿಕೆ ಹತ್ತಲಿಲ್ಲ. ಈಗಲೂ ಸ್ಟಾಫ್ ಮೀಟಿಂಗಿನಲ್ಲಿ ಏನಾದರೂ ಹೇಳುವುದಿದ್ದರೆ ಚೀಟಿ ಬರೆದು ಕೊಡುತ್ತೇನೆ.

ಅವಳಿಗೆ ಈಗ ಇದು ನೆನಪೂ ಇರುವುದಿಲ್ಲ. ಇದ್ದರೆ ನನ್ನ ಕೈಯಿಂದ ಪಾಠ ಹೇಳಿಸಿಕೊಳ್ಳಲು ನಾಚಿಕೆಯಾಗಬೇಕಿತ್ತು.

ಜೂನ್ 14, ಶನಿವಾರ

ಪಾಠ ಎರಡು: ಒತ್ತುವುದು, ಎಳೆಯುವುದು. ಎಳೆಯಿರಿ ಅಂದರೆ ಒತ್ತುತ್ತಾಳೆ. ಒತ್ತಿ ಅಂದರೆ ಗುದ್ದುತ್ತಾಳೆ. ತಪ್ಪಾದರೆ ಟ್ಯಾಬನ್ನು ಬೈಯುತ್ತಾಳೆ. “ದಡ್ಡ ಮುಂಡೇದು” ಅಂದಳು ಅದಕ್ಕೆ. ನಾನು ಇಂಥ ಹೆಡ್ ಮಿಸ್ಟ್ರೆಸ್ಸಿಗೆ ಹೆದರಿ ಮೂರು ವರ್ಷ ಗೋಡೆ ಬದಿಯಲ್ಲಿ ನಡೆದೆ.

ನಡುವೆ ಕೇಳಿದಳು, “ನಿಮ್ಮನೇಲಿ ಯಾವ ದೇವರು?”

“ಬುದ್ಧನ ಫೋಟೋ ಇದೆ ಮೇಡಂ.”

“ಅವನು ದೇವರಲ್ಲ.”

“ಅದಕ್ಕೇ ಇಟ್ಟಿರೋದು.”

ಮತ್ತೆ ಪರದೆ ಗುದ್ದಲು ಶುರು ಮಾಡಿದಳು. ಅಕೌಂಟ್ ತೆಗೆಯುವುದು ಮರೆತೇ ಹೋಯಿತು.

ಜೂನ್ 18, ಬುಧವಾರ

ಇವತ್ತು ಒಂದು ವಿಷಯ ಗೊತ್ತಾಯಿತು. ಆಯಮ್ಮ ನನ್ನ ಜೊತೆ ಮಾತಾಡುವಾಗ ಪಕ್ಕದ ಕಂಬ ನೋಡುತ್ತಾಳಲ್ಲ, ಅದನ್ನು ನಾನು ಜಂಬ ಎಂದುಕೊಂಡಿದ್ದೆ. ಅವಳ ಕಣ್ಣಿನ ನಡುಭಾಗವೇ ಹೋಗಿದೆ. ಎದುರಿಗಿರುವುದು ಕಾಣುವುದಿಲ್ಲ, ಅಂಚಿನಲ್ಲಿರುವುದು ಕಾಣುತ್ತದೆ. ನನ್ನ ಮುಖ ಕಾಣಬೇಕಾದರೆ ಕಂಬ ನೋಡಬೇಕು. ನಾನೂ ದಡ್ಡಿಯೇ, ಎರಡು ವಾರದಿಂದ ಎಲ್ಲವನ್ನೂ ಪರದೆಯ ಮಧ್ಯದಲ್ಲೇ ಇಟ್ಟು ಒತ್ತಿ ಒತ್ತಿ ಅನ್ನುತ್ತಿದ್ದೆ.

ಎಲ್ಲ ಚಿತ್ರಗಳನ್ನೂ ಅಂಚಿಗೆ ಎಳೆದು ದೊಡ್ಡದು ಮಾಡಿದೆ. ಪೇಪರು ಎಡಗಡೆ, ರೇಡಿಯೋ ಬಲಗಡೆ, ನೋಟ್ಸ್ ಕೆಳಗಡೆ. ಮಾತಾಡಿದರೆ ಅದೇ ಬರೆದುಕೊಳ್ಳುವ ಹಾಗೂ ಮಾಡಿಕೊಟ್ಟೆ. ಒಂದೂವರೆ ಗಂಟೆ ಹಿಡಿಯಿತು. ರೈಲು ತಪ್ಪಿತು, ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಹಿಡಿದ ಕೆಲಸ ನೆಟ್ಟಗೆ ಮಾಡುವುದು ನನಗೊಂದು ಕೆಟ್ಟ ಚಾಳಿ, ಅಷ್ಟೇ. ಬೇರೇನಿಲ್ಲ.

ನಾನು ಹೊರಡುವಾಗ ಆಯಮ್ಮ ಭಾಗಮ್ಮನ ಸಾರಿನ ಬಗ್ಗೆ ದೂರುತ್ತಿದ್ದಳು. ಮೆಂತ್ಯ ಜಾಸ್ತಿಯಂತೆ, ಕಹಿಯಂತೆ. ಭಾಗಮ್ಮ ನನ್ನ ಕಡೆ ತಿರುಗಿ, “ನಾಲ್ಗೆನೂ ಹೋಗೈತೆ ಕಣವ್ವ, ಬರೇ ಕಣ್ಣಲ್ಲ” ಅಂದಳು. ನಗು ತಡೆದುಕೊಂಡೆ.

ಜೂನ್ 21, ಶನಿವಾರ

ಹೋಗಲಿಲ್ಲ. ಶರಣ್ಯಾ ಹೊಸ ಸೀರೆ ಉಟ್ಟುಕೊಂಡು ದ್ವಾರಕಾನಾಥರಿಗೆ ಚಕ್ಕುಲಿ ತಂದಿದ್ದಳು. ಅವಳು ಕೆಟ್ಟ ಹುಡುಗಿಯಲ್ಲ. ಅದೇ ಇನ್ನೂ ಸಿಟ್ಟು ಬರಿಸುತ್ತದೆ.

ಸಾರಿನ ಪುಡಿ ಅಳತೆ ಅಂತ ಹೆಸರಿದೆ ಅಂತ ತೆರೆದೆ ಎಲ್ಲೂ ಅಳತೆ ಇಲ್ಲ ಮೂರು ದಿನ ಕೂತು ಪೂರ್ತಿ ಕೇಳಿದೆ ನಾನು ಸೀತಾದೇವಿ ಹನ್ನೊಂದನೇ ತಾರೀಖು ನೀನು ಬರೆದದ್ದರಲ್ಲಿ ಎರಡು ತಪ್ಪಿವೆ ಒಂದು ಹೂಜಿ ತೊಳೆಸಿದೆ ಅಂತ ಬರೆದಿದ್ದೀಯ ತೊಳೆಸಿದ್ದು ನಿನಗೆ ಕಾಣಲಿ ಅಂತ ನೀನು ಹೋದ ಮೇಲೆ ಅದನ್ನು ಒಡೆಸಿ ಹೊಸದು ತರಿಸಿದೆ ಎರಡು ಯೋಚನೆ ಮಾಡದೆ ಮಾಡಿದೆ ಅಂತ ಬರೆದಿದ್ದೀಯ ಅದು ಸರಿಯಲ್ಲ ಯೋಚನೆ ಮಾಡಿಯೇ ಮಾಡಿದೆ ಇನ್ನೊಂದು ನಿನಗೆ ಗೊತ್ತಿಲ್ಲ ಆ ವರ್ಷ ಭಾಷಣಕ್ಕೆ ಚಿಕ್ಕಮಗಳೂರಿಗೆ ಹೋಗಬೇಕಾದವಳು ನೀನು ನಿನ್ನ ಹೆಸರಿಗೆ ಪತ್ರ ಬಂದಿತ್ತು ಹರಿದು ಹಾಕಿ ಬೇರೆ ಹುಡುಗಿಯನ್ನು ಕಳಿಸಿದೆ ಬಿಟ್ಟುಹೋದದ್ದನ್ನು ಸೇರಿಸಿಕೋ ಮಜ್ಜಿಗೆ ಹುಳಿ ಅನ್ನೋದು ನಿಜ ಭಾಗಮ್ಮನಿಗೆ ಹೇಳಿದ್ದೇನೆ

ಜೂನ್ 26, ಗುರುವಾರ

ಮೇಲಿನದು ನಾನು ಬರೆದದ್ದಲ್ಲ.

ಬೆಳಗ್ಗೆ ರೈಲಿನಲ್ಲಿ ಕಡತ ತೆರೆದೆ. ಕೊನೆಯಲ್ಲಿ ಇದಿತ್ತು. ಫುಲ್‌ಸ್ಟಾಪಿಲ್ಲ, ಕಾಮಾ ಇಲ್ಲ. ಬಾಯಲ್ಲಿ ಹೇಳಿದ್ದನ್ನು ಟ್ಯಾಬ್ ಬರೆದುಕೊಂಡಿದೆ, ನಾನೇ ಕಲಿಸಿಕೊಟ್ಟ ಹಾಗೆ. ನನ್ನ ಅಕೌಂಟ್ ಅದರಲ್ಲೇ ಉಳಿದಿತ್ತಲ್ಲ, ನಾನು ಫೋನಿನಲ್ಲಿ ಬರೆದದ್ದೆಲ್ಲ ಅಲ್ಲಿಗೆ ಹೋಗಿ ಕೂತಿದೆ. ಮಂಗನಿಗೂ ಹೊಳೆಯಬೇಕಿತ್ತು. ಕಂಪ್ಯೂಟರ್ ಟೀಚರಿಗೆ ಹೊಳೆಯಲಿಲ್ಲ.

ತರೀಕೆರೆ ಬಂದರೂ ಇಳಿಯಲಿಲ್ಲ. ಭದ್ರಾವತಿವರೆಗೂ ಹೋಗಿ, ಇನ್ನೊಂದು ರೈಲು ಹಿಡಿದು ವಾಪಸ್ ಬಂದೆ. ಶಾಲೆಗೆ ಹೊಟ್ಟೆನೋವೆಂದು ಹೇಳಿದೆ. ಆಯಮ್ಮ, ಜಂಬ, ಹುಳಿ ಮಜ್ಜಿಗೆ, ಪಾಪ ಆ ಮಕ್ಕಳು, ಎಲ್ಲವನ್ನೂ ಟ್ಯಾಬಿನ ಆ ಹೆಣ್ಣು ದನಿ ಒಂದೇ ರಾಗದಲ್ಲಿ ಓದಿ ಹೇಳಿರುತ್ತದೆ. ಮೂರು ದಿನ ಕೂತು ಕೇಳಿದ್ದಾಳೆ. ನನ್ನ ಖಾಯಂ ಮುಗಿಯಿತು.

ಅದಕ್ಕಿಂತ ಹೆಚ್ಚಿನದು ಪತ್ರದ ವಿಷಯ. ಇಪ್ಪತ್ನಾಲ್ಕು ವರ್ಷ ನನಗೆ ಮಾತು ಬರುವುದಿಲ್ಲ ಎಂದುಕೊಂಡಿದ್ದೆ.

ಕ್ಷಮಿಸು ಅನ್ನುವ ಪದ ಆ ಸಾಲುಗಳಲ್ಲಿ ಎಲ್ಲೂ ಇಲ್ಲ. ನಾಲ್ಕು ಸಲ ಓದಿದೆ, ಇಲ್ಲ. ಉತ್ತರಪತ್ರಿಕೆ ತಿದ್ದಿದ ಹಾಗೆ ತಿದ್ದಿದ್ದಾಳೆ. ಫೋನಿನಿಂದಲೇ ಆ ಟ್ಯಾಬಿನ ಅಕೌಂಟ್ ಕಿತ್ತುಹಾಕಬಹುದು, ಒಂದು ಸಲ ಒತ್ತಿದರೆ ಸಾಕು. ಹೆಬ್ಬೆರಳು ಅಲ್ಲಿಯವರೆಗೂ ಹೋಯಿತು. ಒತ್ತಲಿಲ್ಲ. ಎದುರಿಗೇ ಹೋಗಿ ಕೀಳುತ್ತೇನೆ.

ಜೂನ್ 27, ಶುಕ್ರವಾರ

ಶಾಲೆ ಬಿಟ್ಟ ಕೂಡಲೇ ಹೋದೆ. ಅದೇ ಕುರ್ಚಿ, ಅದೇ ಕಂಬದ ಕಡೆ ಮುಖ.

“ನೀವು ಅದನ್ನ ಓದಬಾರದಿತ್ತು” ಅಂದೆ. ಮೇಡಂ ಅನ್ನುವುದು ಬಾಯಿಗೆ ಬರಲಿಲ್ಲ.

“ನಾನು ಓದ್ಲಿಲ್ಲ. ಅದೇ ಓದ್ತು. ನೀನೇ ಕಲಿಸಿದ್ದು.”

“ನಿಲ್ಲಿಸಬೋದಿತ್ತು.”

“ಮೊದಲ ದಿನ ನಿಲ್ಲಿಸೋಕೆ ಬರ್ಲಿಲ್ಲ. ಎರಡನೇ ದಿನ ಬರ್ತಿತ್ತು. ನಿಲ್ಲಿಸಲಿಲ್ಲ.”

ಭಾಗಮ್ಮ ಬಾಗಿಲ ಹಿಂದೆ ನಿಂತಿದ್ದಳು. “ಪತ್ರ ಯಾಕೆ ಹರಿದ್ರಿ?” ಎಂದು ಕೇಳಿದೆ. ದೊಡ್ಡ ದನಿಯೇ ಇರಬೇಕು, ಬೀದಿಯಲ್ಲಿ ಯಾರೋ ತಿರುಗಿ ನೋಡಿದರು.

“ನೀನು ಗೆಲ್ತಿದ್ದೆ” ಅಂದರು. “ಗೆದ್ದು ಬಂದ್ರೆ ಪ್ರೇಯರಲ್ಲಿ ನಿಲ್ಲಿಸಿ ನಾನು ಹಾರ ಹಾಕ್ಬೇಕಾಗ್ತಿತ್ತು. ಅದಕ್ಕೆ.”

ಸುಳ್ಳು ಹೇಳಿದ್ದರೆ ಉಗಿದು ಬರಬಹುದಿತ್ತು. ನೆಪ ಹೇಳಿದ್ದರೆ ನಗಬಹುದಿತ್ತು. ಅಳಲೂ ಇಲ್ಲ. ಕಂಬವನ್ನೇ ನೋಡುತ್ತ, ಅಂದರೆ ನನ್ನನ್ನೇ ನೋಡುತ್ತ ಕೂತಿದ್ದರು. ಸಿಟ್ಟು ಎಲ್ಲಿಡಬೇಕೋ ತಿಳಿಯದೆ ಟ್ಯಾಬ್ ಕಿತ್ತುಕೊಂಡೆ.

ಅಕೌಂಟ್ ತೆಗೆದೆ. ನನ್ನ ಕಡತವೂ ಹೋಯಿತು, ಪೇಪರಿನ ಆ್ಯಪೂ ತೆರೆಯಲಿಲ್ಲ. ಹಾಗೇ ಬಿಟ್ಟು ಬರಬೇಕಿತ್ತು. ಆದರೆ ಕಟ್ಟೆಯ ಮೇಲೆ ಕೂತು ಹುಡುಕಿದೆ. ಪೇಪರಿನವರದೇ ವೆಬ್‌ಸೈಟಿದೆ, ಅದಕ್ಕೆ ಯಾರ ಅಕೌಂಟೂ ಬೇಡ. ಅದನ್ನೇ ಎಡ ಅಂಚಿನಲ್ಲಿ ಕೂರಿಸಿದೆ. ಹತ್ತು ನಿಮಿಷ ಹಿಡಿಯಿತು. ಮೊದಲ ದಿನವೇ ಹತ್ತು ನಿಮಿಷ ಕೂತಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅವರನ್ನು ಅಷ್ಟು ಕೀಳಾಗಿ ಕಂಡು ಕೆಲಸ ಹಾರಿಸಿದೆ, ಅದಕ್ಕೆ ಸರಿಯಾಗಿ ಆಯಿತು ನನಗೆ.

“ಈಗ ಇದರಲ್ಲಿ ಯಾರ ಹೆಸರಿದೆ?” ಎಂದು ಕೇಳಿದರು.

“ಯಾರದೂ ಇಲ್ಲ.”

“ಒಳ್ಳೇದು. ಐದನೇ ತಾರೀಖು ಮೀಟಿಂಗ್‌ಗೆ ಬಾ.”

“ನನ್ನ ಅರ್ಜಿ ಏನು ಮಾಡ್ತೀರ?”

“ಅದನ್ನ ಜಗುಲಿ ಮೇಲೆ ಮಾತಾಡಲ್ಲ” ಅಂದರು. ಕಲ್ಲು ಕಲ್ಲೇ.

ಜುಲೈ 5, ಶನಿವಾರ

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮರೆಯುವ ಮುಂಚೆ ಎಲ್ಲ ಬರೆಯಬೇಕು.

ಹೆಡ್ ಮಾಸ್ಟರ ಕೋಣೆಯಲ್ಲಿ ಮೀಟಿಂಗು. ಮಂಡಳಿಯ ಐವರು, ಐದು ತಟ್ಟೆ ಉಪ್ಪಿಟ್ಟು. ಶರಣ್ಯಾಳನ್ನು ಕರೆದು ಕಳಿಸಿದ್ದಾಯಿತು, ಆಮೇಲೆ ನನ್ನನ್ನು ಕರೆದರು. ದ್ವಾರಕಾನಾಥರು ನನ್ನ ಅರ್ಜಿಯನ್ನು ಎರಡು ಬೆರಳಿನಲ್ಲಿ ಹಿಡಿದು, “ಅನುಭವ 9 ವರ್ಷ. ಸರಿ. ಆದರೆ ಮಕ್ಕಳ ಮುಂದೆ ಮಾತು ಸ್ವಲ್ಪ ಕಮ್ಮಿ ಅಂತ ವರದಿ ಇದೆ” ಅಂದರು.

ಆಗ ಸೀತಾದೇವಿ ಮೇಡಂ ಕೈ ಎತ್ತಿದರು. “ಮುಂದುವರಿಯೋಕೆ ಮುಂಚೆ ಒಂದು ವಿಷಯ. ನಾನು ಈ ಹುದ್ದೆಗೆ ಓಟು ಹಾಕಲ್ಲ. ಶರಣ್ಯಾ ನನ್ನ ತಂಗಿ ಮೊಮ್ಮಗಳು. ಹೇಮಶ್ರೀಗೆ ನನ್ನನ್ನ ಕಂಡ್ರೆ ಆಗಲ್ಲ. ಅದಕ್ಕೆ ಕಾರಣ ಇದೆ. ಕೇಳಿ.”

ಯಾರೂ ಕೇಳಲಿಲ್ಲ. ಒಬ್ಬರು ಉಪ್ಪಿಟ್ಟಿನಿಂದ ಕರಿಬೇವು ಆರಿಸಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ಇನ್ನೊಬ್ಬರು ಫ್ಯಾನ್ ನೋಡಿದರು. ಎಂಥ ಗಂಡಸರು! ಇವರಿಗೆ ಕಾರಣ ಗೊತ್ತು ಎಂದು ಆಗ ನನಗೆ ಗೊತ್ತಾಯಿತು. ಹೂಜಿಯದಲ್ಲದಿದ್ದರೆ ಇನ್ನೊಂದರದು. ಇವರ ಪ್ರತಿಯೊಬ್ಬರ ಮನೆಯಲ್ಲೂ ಅಂಥದೊಂದು ಇದ್ದೇ ಇರುತ್ತದೆ.

ನಾನೇ ಹೇಳಿದೆ. ಚೀಟಿ ಬರೆದಿರಲಿಲ್ಲ. ಯಾವ ವರ್ಷ, ಯಾವ ಕೋಣೆ, ಯಾರು ತೊಳೆದರು, ಪತ್ರ ಏನಾಯಿತು, ಎಲ್ಲ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ, ಮುಗಿಸುವಾಗ ಲೋಟಗಳಲ್ಲಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

“ಹಳೇದೆಲ್ಲ ಈಗ್ಯಾಕೆ?” ಅಂದರು ದ್ವಾರಕಾನಾಥರು.

“ನಡಾವಳಿ ಪುಸ್ತಕದಲ್ಲಿ ಬರ್ಕೊಳ್ಳಿ” ಅಂದರು ಮೇಡಂ. “ಅವಳು ಹೇಳಿದ್ದು ಪೂರ್ತಿ. ಅಧ್ಯಕ್ಷರು ಒಪ್ಪಿಕೊಂಡರು ಅಂತ ಕೆಳಗೆ ಬರೀರಿ.”

“ಮೇಡಂ, ಶಾಲೆ ಮರ್ಯಾದೆ...”

“ಹೋಗೋದು ನಂದು. ಬರೀರಿ.”

ದ್ವಾರಕಾನಾಥರು ಪೆನ್ನನ್ನು ನನ್ನ ಕಡೆ ನೀಡಿ, “ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೆದುಬಿಡಿ” ಅಂದರು. ಕೈ ಹಿಂದಕ್ಕೆ ಕಟ್ಟಿಕೊಂಡೆ. “ಕಾರ್ಯದರ್ಶಿಗಳೇ ಬರೀಬೇಕು ಸರ್” ಅಂದೆ. ಅವರು ಬರೆದರು. ಬರೆಯುವಾಗ ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ‘ಕೆಲವು ಕಾರಣಗಳಿಂದ’ ಎಂದು ಬರೆದಿದ್ದರು.

“ಕೆಲವು ಕಾರಣ ಅಲ್ಲ ಸರ್. ಜಾತಿಯ ಕಾರಣ.”

ಹೊಡೆದು ಹಾಕಿ ಮತ್ತೆ ಬರೆದರು. ಹುದ್ದೆಯ ವಿಷಯವನ್ನು ಆಗಸ್ಟ್ ಎರಡರ ಸಭೆಗೆ ಮುಂದೂಡಿದರು.

ಜುಲೈ 6, ಭಾನುವಾರ

ಹೊನ್ನೇಶನಿಗೆ ಹೇಳಿದೆ. ಅವನು ಡ್ಯೂಟಿ ಬೂಟಿನ ಲೇಸು ಬಿಚ್ಚುತ್ತಿದ್ದವನು ಹಾಗೇ ಕೂತುಬಿಟ್ಟ. “ಇಷ್ಟು ವರ್ಸ ಯಾಕೆ ಬಾಯ್ ಬಿಡ್ಲಿಲ್ಲ ಕಣೇ?” ಅಂದ. ಆಮೇಲೆ, “ಕೆಲ್ಸ ಹೋದ್ರೆ ಹೋಗ್ಲಿ ಬಿಡು” ಅಂದ. ಹೋದರೆ ಹೋಗಲಿ ಅನ್ನಲು ಇವನಿಗೇನು, ರೈಲ್ವೆಯವನು, ಖಾಯಂ. ಮನೆಯ ಸಾಮಾನು ತರುವುದು ಅರ್ಧ ನನ್ನ ಸಂಬಳದಲ್ಲಿ. ನನಗೆ ಆ ಹುದ್ದೆ ಬೇಕು. ಬೇಡ ಎಂದು ಸುಳ್ಳು ಬರೆಯುವುದಿಲ್ಲ.

ಜುಲೈ 19, ಶನಿವಾರ

ದ್ವಾರಕಾನಾಥರು ಇವತ್ತು ಲ್ಯಾಬಿಗೆ ಬಂದು ಬಾಗಿಲು ಮುಂದೆ ಮಾಡಿದರು. ದನಿಯಲ್ಲಿ ಬೆಲ್ಲ.

“ನೋಡಮ್ಮ ಹೇಮಶ್ರೀ, ಮುಂದಿನ ಸಭೇಲಿ ಮೊದಲು ಹಿಂದಿನ ನಡಾವಳಿ ಓದಿ ಎಲ್ಲರೂ ಸಹಿ ಹಾಕ್ಬೇಕು. ಅದು ಪದ್ಧತಿ. ಆ ಪ್ಯಾರಾ ಓದೋದು, ಸಹಿ ಮಾಡೋದು, ಎಲ್ಲರಿಗೂ ಮುಜುಗರ. ‘ನಾನು ಆವೇಶದಲ್ಲಿ ಹೇಳಿದೆ, ಕಡತದಿಂದ ತೆಗೀರಿ’ ಅಂತ ನೀವೇ ಒಂದು ಸಾಲು ಬರ್ಕೊಡಿ. ನಿಮ್ಮ ಖಾಯಂ ನಾನು ನೋಡ್ಕೋತೀನಿ.”

“ಬರ್ಕೊಡದಿದ್ರೆ?”

“ನಾನೇನೂ ಹೇಳಲ್ಲಪ್ಪ” ಅಂದರು. ಹೇಳುವುದನ್ನೆಲ್ಲ ಹೇಳಿ ಹೀಗನ್ನುವುದು ಇವರಿಗೆ ಚೆನ್ನಾಗಿ ಬರುತ್ತದೆ.

ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸಿದೆ ಕೂಡ. ಒಂದು ಸಾಲು, ಒಂದು ಸಹಿ, ಜನ್ಮಕ್ಕಾಗುವಷ್ಟು ಸಂಬಳ. ಬಿಳಿ ಹಾಳೆ ತೆಗೆದು ‘ಮಾನ್ಯರೇ’ ಎಂದು ಬರೆದಿದ್ದೂ ಆಯಿತು.

ಜುಲೈ 23, ಬುಧವಾರ

ಮೇಡಂ ಮನೆಗೆ ಹೋಗಿದ್ದೆ. ಟ್ಯಾಬಿನ ದನಿ ಜೋರಾಗಿದೆ, ಬೀದಿಗೆಲ್ಲ ಕೇಳುತ್ತದೆ ಎಂದು ಭಾಗಮ್ಮ ಹೇಳಿಕಳಿಸಿದ್ದಳು. ಕಮ್ಮಿ ಮಾಡಿಕೊಟ್ಟೆ. ದ್ವಾರಕಾನಾಥರು ಹೇಳಿದ್ದನ್ನೂ ಹೇಳಿದೆ. ನೀನು ಹಾಗೆ ಮಾಡು, ಹೀಗೆ ಮಾಡು ಎಂದು ಅವರು ಅನ್ನುತ್ತಾರೆ ಎಂದುಕೊಂಡಿದ್ದೆ.

“ಅದು ನಿನ್ನ ಪ್ಯಾರಾ” ಅಂದರು, ಅಷ್ಟೇ. ಸಹಾಯ ಅನ್ನುವುದು ಅವರ ಜಾತಕದಲ್ಲೇ ಇಲ್ಲ.

ಭಾಗಮ್ಮನಿಗೆ ಸಾರಿನ ಪುಡಿ ಅಳತೆ ಹೇಳಿ ಬಂದೆ. ಮೆಂತ್ಯ ಅರ್ಧ ಚಮಚ ಸಾಕು ಎಂದೆ.

ಆಗಸ್ಟ್ 2, ಶನಿವಾರ

ಖಾಯಂ ಆಯಿತು. ಅದನ್ನು ಮೊದಲೇ ಬರೆದುಬಿಡುತ್ತೇನೆ. ಮೂರು ಕೈ ನನ್ನ ಪರ ಎದ್ದವು, ದ್ವಾರಕಾನಾಥರದು ಏಳಲಿಲ್ಲ. ಮೇಡಂ ಓಟು ಹಾಕಲಿಲ್ಲ. ಎದ್ದ ಆ ಮೂರೂ ನ್ಯಾಯಕ್ಕೆ ಎದ್ದ ಕೈಗಳಲ್ಲ. ಆ ಪುಸ್ತಕದ ಕೆಳಗೆ ಸಹಿ ಮಾಡಿದ ಮೇಲೆ ನನ್ನನ್ನು ಬಿಟ್ಟರೆ ಮುಂದೆ ಯಾರಾದರೂ ಕೇಳಿಯಾರು ಎಂದು ಹೆದರಿ ಎದ್ದವು. ಹೆದರಲಿ.

ಆದರೆ ಅದು ಆಮೇಲಿನದು. ಮೊದಲು ನಡಾವಳಿ ಓದಬೇಕಿತ್ತು, ಹುದ್ದೆ ಇನ್ನೂ ಯಾರದೂ ಆಗಿರಲಿಲ್ಲ. ನಾನು ಮೇಜಿನ ಕೊನೆಯಲ್ಲಿ ನಿಂತಿದ್ದೆ. ದ್ವಾರಕಾನಾಥರು ಪುಸ್ತಕ ತೆರೆಯುವ ಮುಂಚೆ ನನ್ನ ಮುಖ ನೋಡಿದರು. ಕಾಗದ ತಂದಿದ್ದೀಯಾ ಎಂದು ಕಣ್ಣಲ್ಲೇ ಕೇಳಿದರು. ನಾನು ಕೈ ಚಾಚಲಿಲ್ಲ. ‘ಮಾನ್ಯರೇ’ ಎಂದು ಬರೆದ ಹಾಳೆಯ ಹಿಂಬದಿಯಲ್ಲಿ ಭೂಮಿಕಾ ಆನೆ ಬರೆದಾಗಿತ್ತು.

ಓದಲು ಶುರು ಮಾಡಿದರು. ಉಪ್ಪಿಟ್ಟಿನ ಖರ್ಚು, ಕಾಂಪೌಂಡಿನ ರಿಪೇರಿ, ಎಲ್ಲ ಗಟ್ಟಿಯಾಗಿ. ಆಮೇಲೆ ದನಿ ಇಳಿಯಿತು. ‘2001ನೇ ಸಾಲಿನಲ್ಲಿ ಏಳನೇ ತರಗತಿಯ ವಿದ್ಯಾರ್ಥಿನಿ ಹೇಮಶ್ರೀ...’ ಅನ್ನುವಲ್ಲಿಂದ ಮಾತು ಗಂಟಲಿನೊಳಗೇ ಉಳಿಯಿತು. ‘ಜಾತಿಯ’ ಅನ್ನುವುದನ್ನು ನುಂಗಿಬಿಟ್ಟರು. ಮಂತ್ರದ ಕೊನೆ ಹೇಳಿ ಮುಗಿಸುವ ಪುರೋಹಿತರ ಹಾಗೆ ಸರಸರ ಓದಿ, “ದೃಢೀಕರಿಸಲಾಯಿತು, ಸಹಿ ಮಾಡಿ” ಎಂದು ಪುಸ್ತಕ ಮುಂದಕ್ಕೆ ತಳ್ಳಿದರು. ಕರಿಬೇವಿನವರು ಪೆನ್ನು ತೆಗೆದರು. ಮೇಡಂ ನನ್ನನ್ನು ನೋಡಲು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

“ಸರ್, ಕೇಳಿಸಲಿಲ್ಲ” ಅಂದೆ ನಾನು.

ದ್ವಾರಕಾನಾಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಪೆನ್ನು ಹಿಡಿದವರು ಪೆನ್ನು ಕೆಳಗಿಟ್ಟರು. ಆಮೇಲೆ ದ್ವಾರಕಾನಾಥರು ಆ ಪ್ಯಾರಾವನ್ನು ಮೊದಲ ಸಾಲಿನಿಂದ ಮತ್ತೆ ಓದಿದರು. ಈ ಸಲ ಹೊರಗೆ ಬೆಂಚಿನ ಮೇಲೆ ಕೂತಿದ್ದ ಶರಣ್ಯಾಳಿಗೂ ಕೇಳಿಸಿತಂತೆ.